ಫ್ರೆಂಚ್ ಕಲ್ಲಿನ ಹೆಸರುಗಳನ್ನು ಇಂಗ್ಲಿಷಿಗೆ ತರುವುದು ಹೇಗೆ: ಎಡವುಗಲ್ಲುಗಳ ಸಮೇತ

"ಸಾರ್, 'ಮ್ವಾಲೋಂ' ಅಂದರೆ ಇಂಗ್ಲಿಷಿನಲ್ಲಿ ಏನು ಬರೆಯಲಿ?" ಫ್ರೆಂಚ್ ಕಲಿತು ಅನುವಾದಕ್ಕೆ ಇಳಿದವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಎರಡನೆಯ ಸ್ಥಾನ 'ಪಿಯೆರ್ ದ ತಾಯ್'ಗೆ, ಮೂರನೆಯದು 'ಶಿಸ್ತ್'ಗೆ. ಹಳೆಯ ಮನೆಯ ಮಾರಾಟಪತ್ರ, ಪ್ರವಾಸಿ ಕೈಪಿಡಿ, ದ್ರಾಕ್ಷಿತೋಟದ ಮಣ್ಣಿನ ವಿವರಣೆ, ಗ್ರಾನೈಟ್ ರಫ್ತಿನ ಕ್ಯಾಟಲಾಗ್, ಯಾವುದನ್ನು ಕೈಗೆತ್ತಿಕೊಂಡರೂ ನಡುವೆ ಎಲ್ಲೋ ಒಂದು ಕಲ್ಲು ಕಾಲಿಗೆ ತಾಗುತ್ತದೆ. ಒಬ್ಬೊಬ್ಬರಿಗೆ ಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಹಂತಗಳಿಗೆ ಹೋಗುವ ಮುಂಚೆ ಒಂದು ಮಾತು. ಫ್ರಾನ್ಸಿನ ಹಳೆಯ ಕಲ್ಲಿನ ಹೆಸರುಗಳನ್ನು ಇಟ್ಟವರು ಭೂವಿಜ್ಞಾನಿಗಳಲ್ಲ. ಕಲ್ಲುಗಣಿಯವರು, ಗೋಡೆ ಕಟ್ಟುವವರು, ಸೂರು ಹೊದಿಸುವವರು, ಬೀಸುವ ಕಲ್ಲು ಕಡೆಯುವವರು ಇಟ್ಟದ್ದು. ಕಲ್ಲು ಏನರಿಂದ ಆಗಿದೆ ಎಂಬುದು ಅವರಿಗೆ ಬೇಕಿರಲಿಲ್ಲ. ಯಾವುದಕ್ಕೆ ಬರುತ್ತದೆ, ಉಳಿಗೆ ಹೇಗೆ ಬಗ್ಗುತ್ತದೆ ಎಂಬುದೇ ಮುಖ್ಯ. ನಮ್ಮಲ್ಲೂ ಹಾಗೆಯೇ ಅಲ್ಲವೆ? ಸೈಜುಗಲ್ಲು, ಕಾಡುಗಲ್ಲು, ಚಪ್ಪಡಿ, ಬೀಸುವ ಕಲ್ಲು: ಇವುಗಳಲ್ಲಿ ಯಾವ ಹೆಸರೂ ಅದು ಯಾವ ಜಾತಿಯ ಶಿಲೆ ಎಂದು ಹೇಳುವುದಿಲ್ಲ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ 'ಲ್ಯಾಟರೈಟ್' ಎಂಬ ಹೆಸರು ಕೊಡುವ ಮೊದಲೂ ಕರಾವಳಿಯವರು ಮುರಕಲ್ಲಿನಲ್ಲಿ ಮನೆ ಕಟ್ಟಿಕೊಂಡೇ ಇದ್ದರು. ಹಾಗಾಗಿ ಫ್ರೆಂಚ್ ಪದ ಎದುರಾದ ತಕ್ಷಣ 'ಇದು ಯಾವ ಶಿಲೆ' ಎಂದು ನಿಘಂಟು ತೆರೆಯುವವರು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ.

ಕೈಯಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ. 'ತ್ರೆಜ಼ೋರ್' ಎಂದು ಕರೆಯುವ ದೊಡ್ಡ ಫ್ರೆಂಚ್ ನಿಘಂಟು ಅಂತರಜಾಲದಲ್ಲಿ ಉಚಿತವಾಗಿದೆ. ಹತ್ತೊಂಬತ್ತನೆಯ ಶತಮಾನದ ಕಸುಬಿನ ಮಾತಿಗೆ ಲಿತ್ರೇ ನಿಘಂಟು ಇಂದಿಗೂ ಒಳ್ಳೆಯದು. ಫ್ರಾನ್ಸಿನ ಭೂವೈಜ್ಞಾನಿಕ ಸಂಸ್ಥೆ ಬಿಆರ್‌ಜಿಎಂ ನಡೆಸುವ 'ಇನ್ಫೋತೆರ್' ನಕ್ಷೆಯೂ ಉಚಿತ. ಊರಿನ ಹೆಸರು ಹಾಕಿದರೆ ಅದರ ಕೆಳಗೆ ಯಾವ ಶಿಲೆ ಇದೆ ಎಂದು ತೋರಿಸುತ್ತದೆ. ಕ್ಯಾಟಲಾಗಿನ ಕೆಲಸವಾದರೆ ಇಎನ್ 12670 ಎಂಬ ಐರೋಪ್ಯ ಮಾನಕವನ್ನೂ ನೋಡಿ. ನೈಸರ್ಗಿಕ ಕಲ್ಲಿನ ಪರಿಭಾಷೆಗೆಂದೇ ಮಾಡಿದ್ದು ಅದು.

1. ಮಾತು ಯಾರದೆಂದು ಗುರುತಿಸಿ

ಬರಹ ಭೂವಿಜ್ಞಾನಿಯದೋ, ಗಾರೆಯವನದೋ, ವ್ಯಾಪಾರಿಯದೋ, ದ್ರಾಕ್ಷಿ ಬೆಳೆಯುವವನದೋ? ಒಂದೇ ಪದ ನಾಲ್ವರ ಬಾಯಲ್ಲಿ ನಾಲ್ಕಾಗುತ್ತದೆ.

ಒಳ್ಳೆಯ ಉದಾಹರಣೆ 'ಗ್ರಾನಿತ್'. ಫ್ರೆಂಚಿನಲ್ಲಿ ಇದಕ್ಕೆ ಎರಡು ಕಾಗುಣಿತ ಇವೆ: ಕೊನೆಗೆ 'ಇ' ಅಕ್ಷರ ಇರುವುದು, ಇಲ್ಲದ್ದು. ಉಚ್ಚಾರ ಒಂದೇ. ಅಕ್ಷರ ಇರುವುದು ಭೂವಿಜ್ಞಾನಿಯ ಗ್ರಾನೈಟ್. ಇಲ್ಲದ್ದು ಕಲ್ಲಿನ ವ್ಯಾಪಾರಿಯದು. ಗಟ್ಟಿಯಾಗಿ, ಕಣಕಣವಾಗಿ, ಪಾಲಿಶ್ ಹಿಡಿಯುವ ಯಾವ ಕಲ್ಲನ್ನೂ ಅವನು ಹಾಗೆನ್ನುತ್ತಾನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಕಾಗುಣಿತ ಇರುವುದರಿಂದ ಈ ಸೂಕ್ಷ್ಮ ಸದ್ದಿಲ್ಲದೆ ಸೋರಿಹೋಗುತ್ತದೆ. ಚಾಮರಾಜನಗರದ ಕಡೆಯ ಕರಿಕಲ್ಲು ಫ್ರೆಂಚ್ ಕ್ಯಾಟಲಾಗಿನಲ್ಲಿ 'ಗ್ರಾನಿತ್ ನ್ವಾರ್' ಆಗಿ ಕೂರುತ್ತದೆ, ಆದರೆ ಶಿಲೆಯಾಗಿ ಅದು ಡಾಲರೈಟ್ ಬಗೆಯದು. ವ್ಯಾಪಾರದ ಕಾಗದದಲ್ಲಿ 'ಬ್ಲ್ಯಾಕ್ ಗ್ರಾನೈಟ್' ಎಂದೇ ಬರೆಯಿರಿ, ಕೊಳ್ಳುವವನು ಕೇಳುವುದು ಅದನ್ನೇ. ಅದೇ ಕಲ್ಲು ಪರೀಕ್ಷಾ ವರದಿಯಲ್ಲಿ ಬಂದರೆ ಶಿಲೆಯ ನಿಜವಾದ ಹೆಸರು ಬೇಕು.

ಇದಕ್ಕಿಂತ ತುಂಟ ಪದ 'ಪೆತಿ ಗ್ರಾನಿತ್'. ಪದಶಃ ಪುಟ್ಟ ಗ್ರಾನೈಟ್. ಬೆಲ್ಜಿಯಮ್ಮಿನಿಂದ ಬರುವ ಈ ಕಲ್ಲು ಗ್ರಾನೈಟ್ ಅಲ್ಲವೇ ಅಲ್ಲ, ಬೂದುನೀಲಿ ಸುಣ್ಣಕಲ್ಲು. ಕ್ರೈನಾಯ್ಡ್ ಎಂಬ ಕಡಲಜೀವಿಗಳ ಅವಶೇಷದ ಚೂರುಗಳು ಒಡೆದ ಮುಖದಲ್ಲಿ ಮಿಣಮಿಣ ಹೊಳೆಯುವುದಕ್ಕೆ ಆ ಹೆಸರು ಬಂತು. ಇಂಗ್ಲಿಷಿನಲ್ಲಿ 'ಬೆಲ್ಜಿಯನ್ ಬ್ಲೂ ಸ್ಟೋನ್'.

'ಗ್ರೇ' ಕೂಡ ಹೀಗೆಯೇ. ಸ್ಟ್ರಾಸ್‌ಬುರ್ಗ್ ಕೆಥೆಡ್ರಲ್ 'ಗ್ರೇ'ಯಲ್ಲಿ ಕಟ್ಟಿದ್ದು ಎಂದರೆ ಅದು ಮರಳುಗಲ್ಲು, ಸ್ಯಾಂಡ್‌ಸ್ಟೋನ್. ವಸ್ತುಸಂಗ್ರಹಾಲಯದ ಹೂಜಿಯೊಂದು 'ಗ್ರೇ'ಯದ್ದು ಎಂದರೆ ಅದು ಹೆಚ್ಚು ಶಾಖದಲ್ಲಿ ಸುಟ್ಟ ಜೇಡಿಪಾತ್ರೆ, ಸ್ಟೋನ್‌ವೇರ್. ಮರಳುಗಲ್ಲಿನ ಹೂಜಿ ಎಂದು ಬರೆದು ನಗೆಪಾಟಲಾದವರು ಒಬ್ಬಿಬ್ಬರಲ್ಲ. ನೆಲದ ಟೈಲ್ಸ್ ಅಂಗಡಿಯ 'ಗ್ರೇ ಸೆರಾಮ್' ಎಂದರೆ ಪೋರ್ಸಲಿನ್ ಟೈಲ್ಸ್, ಅಷ್ಟೆ.

2. ಊರು ಯಾವುದೆಂದು ಹುಡುಕಿ

ನಾನೇ ಬಿದ್ದ ಹಳ್ಳವಿದು. ಬೂರ್ಗೋನ್ ಪ್ರಾಂತ್ಯದ ಹಳೆಯ ಮನೆಯೊಂದರ ವಿವರಣೆಯಲ್ಲಿ ಸೂರು 'ಲಾವ್'ನದು ಎಂದಿತ್ತು. ಹಿಂದುಮುಂದು ನೋಡದೆ 'ಲಾವಾ ರೂಫ್' ಎಂದು ಬರೆದು ಕಳಿಸಿದೆ. "ನಮ್ಮ ಕಡೆ ಜ್ವಾಲಾಮುಖಿ ಯಾವಾಗ ಎದ್ದಿತು?" ಎಂಬ ಒಂದು ಸಾಲಿನ ಉತ್ತರ ಬಂತು. ಬೂರ್ಗೋನಿನಲ್ಲಿ 'ಲಾವ್' ಎಂದರೆ ಪದರಪದರವಾಗಿ ಏಳುವ ಸುಣ್ಣಕಲ್ಲಿನ ತೆಳು ಚಪ್ಪಡಿ. ಅದೇ ಪದ ಓವೆರ್ಞ್ ಪ್ರಾಂತ್ಯದ ವೋಲ್ವಿಕ್‌ನಲ್ಲಿ ಬಂದರೆ ನಿಜವಾದ ಜ್ವಾಲಾಮುಖಿ ಶಿಲೆ. ಕ್ಲೆರ್ಮೋಂ-ಫೆರಾಂನ ಕಪ್ಪು ಕೆಥೆಡ್ರಲ್ ಎದ್ದು ನಿಂತಿರುವುದು ಆ ಕಲ್ಲಿನಿಂದಲೇ. ನಕ್ಷೆ ತೆರೆದು ನೋಡಲು ಎರಡು ನಿಮಿಷ ಸಾಕಾಗಿತ್ತು.

ಆಲ್ಪ್ಸ್ ಮತ್ತು ದಕ್ಷಿಣದ ಬೆಟ್ಟಸೀಮೆಗಳಲ್ಲಿ ಇಂಥದೇ ಸೂರಿನ ಚಪ್ಪಡಿಗೆ 'ಲೋಜ಼್' ಎನ್ನುತ್ತಾರೆ. ಅದು ಯಾವ ಶಿಲೆ ಎಂಬುದು ಕಣಿವೆಯಿಂದ ಕಣಿವೆಗೆ ಬದಲಾಗುತ್ತದೆ: ಒಂದೆಡೆ ಶಿಸ್ಟ್, ಇನ್ನೊಂದೆಡೆ ಸುಣ್ಣಕಲ್ಲು, ಮತ್ತೊಂದೆಡೆ ಜ್ವಾಲಾಮುಖಿಯ ಫೋನೋಲೈಟ್. ಶಿಲೆಯ ಹೆಸರು ಹೇಳಲೇಬೇಕಾದಾಗ ಮಾತ್ರ ಹೇಳಿ, ಉಳಿದಂತೆ 'ಸ್ಟೋನ್ ರೂಫಿಂಗ್ ಸ್ಲ್ಯಾಬ್' ಸಾಕು. ಬ್ರಿಟಿಷ್ ಓದುಗರಿಗಾದರೆ 'ಸ್ಟೋನ್ ಸ್ಲೇಟ್' ಎಂಬ ಹಳೆಯ ಪದವೇ ಇದೆ. ಆ ಸೂರಿನಲ್ಲಿ ಸ್ಲೇಟ್ ಶಿಲೆ ಇರಬೇಕೆಂದಿಲ್ಲ, ಸುಣ್ಣಕಲ್ಲಿನ ಚಪ್ಪಡಿಯೂ ಅಲ್ಲಿ 'ಸ್ಲೇಟ್'. ಅಮೆರಿಕದ ಓದುಗರು ಇದನ್ನು ಓದಿ ತಪ್ಪು ತಿಳಿಯುತ್ತಾರೆ, ಅವರಿಗೆ ಬರೆಯುವಾಗ ಬೇಡ.

ನಾರ್ಮಂಡಿಯ 'ಮಾರ್ನಿಯೇರ್' ಇನ್ನೊಂದು. 'ಮಾರ್ನ್' ಎಂದರೆ ಜೇಡಿ ಬೆರೆತ ಸುಣ್ಣಮಣ್ಣು, ಇಂಗ್ಲಿಷಿನ ಮಾರ್ಲ್. ಆದರೆ ನಾರ್ಮಂಡಿಯ ರೈತರು ಹೊಲಕ್ಕೆ ಹಾಕಲು ಆ ಗುಂಡಿಗಳಿಂದ ತೆಗೆಯುತ್ತಿದ್ದದ್ದು ಸೀಮೆಸುಣ್ಣದ ಶಿಲೆ, ಚಾಕ್. ಅಲ್ಲಿನ ಮನೆ ಮಾರಾಟಪತ್ರದಲ್ಲಿ ಇದು ಬಂದರೆ ಮನೆಯಡಿ ಹಳೆಯ ಟೊಳ್ಳು ಇರಬಹುದು, ನೆಲ ಕುಸಿಯಬಹುದು ಎಂಬ ಎಚ್ಚರಿಕೆ ಎಂದೇ ಓದಿ. ಕೊಳ್ಳುವವನಿಗೆ 'ಮಾರ್ಲ್ ಪಿಟ್' ಎಂದಷ್ಟೇ ಬರೆದರೆ ಏನೂ ತಿಳಿಯುವುದಿಲ್ಲ. ನೆಲದಡಿಯ ಹಳೆಯ ಚಾಕ್ ಗಣಿ ಎಂದು ಬಿಡಿಸಿ ಬರೆಯಿರಿ.

3. ಮೊದಲು ಕನ್ನಡದಲ್ಲಿ ಹೇಳಿನೋಡಿ

ಇದು ನನ್ನ ಹಟ ಎಂದುಕೊಳ್ಳಿ. ಮಧ್ಯೆ ಕನ್ನಡವನ್ನು ತರುವುದು ಸುತ್ತುದಾರಿಯಂತೆ ಕಾಣಬಹುದು. ಆದರೆ ನಮ್ಮೂರ ಮೇಸ್ತ್ರಿಗೆ ಅರ್ಥವಾಗುವಂತೆ ಹೇಳಲು ಬರಲಿಲ್ಲವೆಂದರೆ ಕಲ್ಲು ನಿಮಗೇ ಇನ್ನೂ ಕಂಡಿಲ್ಲ ಎಂದರ್ಥ.

'ಮ್ವಾಲೋಂ' ತೆಗೆದುಕೊಳ್ಳಿ. ಒಬ್ಬ ಮನುಷ್ಯ ಎತ್ತಿ ಇಡಬಹುದಾದ, ನಯವಾಗಿ ಕೆತ್ತದ ಗೋಡೆಕಲ್ಲು. ಹಾಗೆಯೇ ಒರಟಾಗಿ ಬಿಟ್ಟದ್ದು ನಮ್ಮ ಕಾಡುಗಲ್ಲು. ಸುತ್ತಿಗೆಯಲ್ಲಿ ಬಡಿದು ಚೌಕ ಮಾಡಿದ್ದು ನಮ್ಮ ಸೈಜುಗಲ್ಲು. ಇಂಗ್ಲಿಷಿನಲ್ಲಿ ಮೊದಲನೆಯದು ರಬಲ್, ಎರಡನೆಯದು ಸ್ಕ್ವೇರ್ಡ್ ರಬಲ್. ಕಟ್ಟಡ ಕೆಡವಿದ ಅವಶೇಷಕ್ಕೂ ಇಂಗ್ಲಿಷಿನಲ್ಲಿ ರಬಲ್ ಎನ್ನುತ್ತಾರಲ್ಲ, ಆ ಗೊಂದಲ ತಪ್ಪಿಸಲು 'ರಬಲ್ ಸ್ಟೋನ್' ಅಥವಾ 'ರಬಲ್ ಮೇಸನ್ರಿ' ಎಂದು ಪೂರ್ತಿ ಬರೆಯಿರಿ.

'ಪಿಯೆರ್ ದ ತಾಯ್' ಇದರ ಎದುರು ಪಕ್ಷ: ಅಳತೆಗೆ ತಕ್ಕಂತೆ ಮುಖ, ಅಂಚುಗಳನ್ನು ನೇರವಾಗಿ ಕೆತ್ತಿದ ಕಲ್ಲು. 'ತಾಯ್' ಎಂದರೆ ಅಳತೆ, ಸೈಜು ಎಂಬ ಅರ್ಥವೂ ಉಂಟು. ಇಲ್ಲಿ ಮಾತ್ರ ಅದು ಕೆತ್ತನೆ. ಬೆಂಗಳೂರಿನವರು ಇಲ್ಲಿ ಎರಡು ಪಟ್ಟು ಹುಷಾರಾಗಿರಬೇಕು, ಏಕೆಂದರೆ 'ಸೈಜ್ ಸ್ಟೋನ್' ಎಂದು ಬರೆದರೆ ನಮ್ಮ ಗುತ್ತಿಗೆದಾರರ ಭಾಷೆಯಲ್ಲಿ ಅದು ಸೈಜುಗಲ್ಲು ಆಗಿ, ಮೇಲೆ ಹೇಳಿದ ಮ್ವಾಲೋಂ ಪಂಗಡಕ್ಕೆ ಜಾರಿಬಿಡುತ್ತದೆ. ಸರಿಯಾದ ಇಂಗ್ಲಿಷ್ ಪದ ಸಂದರ್ಭ ನೋಡಿಕೊಂಡು: ವಾಸ್ತುಶಿಲ್ಪದ ಬರಹದಲ್ಲಿ ಆ್ಯಶ್ಲರ್, ಪ್ಯಾರಿಸ್ಸಿನ ಫ್ಲ್ಯಾಟಿನ ಜಾಹೀರಾತಿನಲ್ಲಿ ಕಟ್ ಸ್ಟೋನ್ ಅಥವಾ ಡ್ರೆಸ್ಡ್ ಸ್ಟೋನ್, ಗಣಿಯ ಲೆಕ್ಕದಲ್ಲಿ ಡೈಮೆನ್ಷನ್ ಸ್ಟೋನ್.

4. ಒಂದು ಫ್ರೆಂಚ್ ಪದ ಎರಡು ಮೂರು ಇಂಗ್ಲಿಷ್ ಪದವಾಗಿ ಒಡೆಯುತ್ತದೆಯೇ ನೋಡಿ

'ಶಿಸ್ತ್' ಎಂದು ಹೆಸರು, ಶಿಸ್ತು ಮಾತ್ರ ಇಲ್ಲ. ಇಂಗ್ಲಿಷ್ ಬೇರೆಬೇರೆ ಹೆಸರಿಡುವ ಮೂರು ಶಿಲೆಗಳನ್ನು ಇದು ಒಂದೇ ಚೀಲಕ್ಕೆ ತುಂಬಿಕೊಂಡಿದೆ. ಜೇಡಿ ಒತ್ತಡಕ್ಕೆ ಸಿಕ್ಕಿ ಪದರುಗಟ್ಟಿದ್ದು ಶೇಲ್. ಇನ್ನಷ್ಟು ಒತ್ತಡ, ಶಾಖ ತಗುಲಿ ತೆಳುವಾಗಿ ಸೀಳುವಂತಾದದ್ದು ಸ್ಲೇಟ್. ಮತ್ತೂ ಬೆಂದು ಅಭ್ರಕದ ಹೊಳಪು ಕಣ್ಣಿಗೆ ಬೀಳುವಂತಾದದ್ದು ಶಿಸ್ಟ್. ಪಕ್ಕದ ಪದವೇ ದಾರಿ ತೋರಿಸುತ್ತದೆ. 'ಗಾಜ಼್ ದ ಶಿಸ್ತ್' ಎಂದರೆ ಶೇಲ್ ಗ್ಯಾಸ್. ಅದನ್ನು ತೆಗೆಯಲು ಬಂಡೆ ಸೀಳುವ ವಿಧಾನವನ್ನು ಫ್ರಾನ್ಸ್ 2011ರಲ್ಲಿ ನಿಷೇಧಿಸಿತು. 'ಶಿಸ್ತ್ ಆರ್ದ್ವಾಜ಼ಿಯೇ' ಎಂದರೆ ಸೂರಿಗೆ ಬರುವ ಸ್ಲೇಟ್. 'ಮಿಕಾಶಿಸ್ತ್' ಎಂದರೆ ಮೈಕಾ ಶಿಸ್ಟ್. ಪಕ್ಕದಲ್ಲಿ ಏನೂ ಇಲ್ಲದೆ ಬರೀ 'ಶಿಸ್ತ್' ಎಂದಿದ್ದರೆ ಎರಡನೆಯ ಹಂತಕ್ಕೆ ಮರಳಿ, ನಕ್ಷೆ ನೋಡಿ. ದ್ರಾಕ್ಷಿತೋಟದ ಬರಹಗಳಲ್ಲಿ ಅತಿ ಹೆಚ್ಚು ತಪ್ಪು ಕಾಣುವುದು ಇಲ್ಲೇ.

'ತ್ಯುಫ್' ಎರಡಾಗಿ ಒಡೆಯುತ್ತದೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾದದ್ದು ಟಫ್. ಸುಣ್ಣದ ನೀರಿನ ಬುಗ್ಗೆಯ ಬಳಿ ಕಟ್ಟಿಕೊಂಡ ತೂತುತೂತಿನ ಕಲ್ಲು ಟ್ಯೂಫಾ. ಇವೆರಡರ ಜೊತೆ 'ತ್ಯುಫೋ'ವನ್ನು ಸೇರಿಸಬೇಡಿ. ಅದು ಲ್ವಾರ್ ನದಿಯ ಕಡೆಯ ಬಿಳಿಯ, ಮೆತ್ತನೆಯ, ಅಭ್ರಕದ ಚೂರು ಬೆರೆತ ಸುಣ್ಣಕಲ್ಲು. ಶಾಂಬೋರ್, ಶೆನೊನ್ಸೋ ಅರಮನೆಗಳ ಬಿಳುಪು ಅದರದು. ಜ್ವಾಲಾಮುಖಿಗೂ ಬುಗ್ಗೆಗೂ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ ತ್ಯುಫೋ ಎಂದೇ ಉಳಿಸಿ, ಮೊದಲ ಸಲ ಬಂದಾಗ ಮೆತ್ತನೆಯ ಸುಣ್ಣಕಲ್ಲು ಎಂದು ನಾಲ್ಕು ಪದದಲ್ಲಿ ವಿವರಿಸಿ. ಅಲ್ಲಿನ ಆಂಜೂ ಸೀಮೆಯವರೇ ಒಂದು ಸುಲಭ ಗುರುತು ಕೊಟ್ಟಿದ್ದಾರೆ: ಸ್ಲೇಟ್, ಶಿಸ್ಟ್ ಇರುವ ಭಾಗ ಕಪ್ಪು ಆಂಜೂ, ತ್ಯುಫೋ ಇರುವ ಭಾಗ ಬಿಳಿ ಆಂಜೂ.

ಬೇಗ ಮುಗಿಸಬಹುದಾದ ಇನ್ನೆರಡು. 'ಮೊಲಾಸ್' ಎಂಬುದು ಮೆತ್ತನೆಯ ಮರಳುಗಲ್ಲು, ಇಂಗ್ಲಿಷಿನಲ್ಲೂ ಅದೇ ಹೆಸರು. ಕೊನೆಗೊಂದು 'ಎಸ್' ಸೇರಿದರೆ ಕಾಕಂಬಿಯಾಗುತ್ತದೆ. 'ಆರೆನ್' ಗ್ರಾನೈಟಿನ ಜೊತೆ ಬಂದರೆ ಕ್ರೀಡಾಂಗಣವಲ್ಲ, ಗ್ರಾನೈಟ್ ಶಿಥಿಲವಾಗಿ ಉದುರಿದ ಒರಟು ಮರಳು. ಇಂಗ್ಲಿಷಿನಲ್ಲಿ ಗ್ರಸ್.

5. ಕಲ್ಲು ಗೋಡೆ ಸೇರಿದ ಮೇಲಿನ ಪದಗಳಿಗೆ ಕಸುಬಿನ ಇಂಗ್ಲಿಷನ್ನೇ ಹುಡುಕಿ

ಸುಣ್ಣಕಲ್ಲು, ಮರಳುಗಲ್ಲು ಗಣಿಯಲ್ಲಿ ಪದರ ಪದರವಾಗಿ ಮಲಗಿರುತ್ತದೆ. ಆ ಪದರಕ್ಕೆ ಫ್ರೆಂಚರು 'ಲಿ' ಎನ್ನುತ್ತಾರೆ, ಹಾಸಿಗೆ ಎಂದೇ ಅರ್ಥ. ಇಂಗ್ಲಿಷಿನಲ್ಲೂ ಬೆಡ್. ಗೋಡೆಯಲ್ಲೂ ಕಲ್ಲನ್ನು ಗಣಿಯಲ್ಲಿ ಮಲಗಿದ್ದ ಹಾಗೆಯೇ ಮಲಗಿಸಬೇಕು ಎಂಬುದು ಹಳೆಯ ನಿಯಮ. ಪದರು ನೆಟ್ಟಗೆ ನಿಲ್ಲುವಂತೆ ಇಟ್ಟರೆ ಅದು 'ಆಂ ದೆಲಿ'. ಪದರು ಗೋಡೆಯ ಮುಖಕ್ಕೆ ಸಮನಾಗಿ ನಿಂತಾಗ ಮಳೆ ಚಳಿಗೆ ಮುಖವೇ ಹಪ್ಪಳದಂತೆ ಸುಲಿದುಬರುತ್ತದೆ. ಕಾನೂನಿನ ಫ್ರೆಂಚಿನಲ್ಲಿ 'ದೆಲಿ' ಎಂದರೆ ಅಪರಾಧ. ಯಂತ್ರಾನುವಾದ ನೆಚ್ಚಿಕೊಂಡವರ ಕಲ್ಲುಗಳು ಅಪರಾಧ ಎಸಗಿ ಗೋಡೆಯಲ್ಲಿ ನಿಂತಿರುವುದನ್ನು ನಾನು ಕಣ್ಣಾರೆ ಓದಿದ್ದೇನೆ. ಹೀಗೆ ಪದರು ಮುಖಕ್ಕೆ ಸಮನಾಗಿ ನಿಂತ ಗೋಡೆಯ ಕಲ್ಲಾದರೆ 'ಫೇಸ್ ಬೆಡೆಡ್' ಎಂದು ಬರೆಯಿರಿ. ಗಾಥಿಕ್ ಚರ್ಚುಗಳ ಸಪೂರ ಕಂಬಗಳ ಮಾತಾದರೆ ಇಂಗ್ಲಿಷ್ ಕಲಾ ಇತಿಹಾಸಕಾರರೂ 'ಆಂ ದೆಲಿ' ಎಂದೇ ಬಳಸುತ್ತಾರೆ, ಬದಲಿಸಬೇಡಿ.

'ಪಾರ್ಪ್ಯಾಂ' ಕಾಲ ನೋಡಿ ಅರ್ಥ ಬದಲಿಸುತ್ತದೆ. ಹಳೆಯ ಕಟ್ಟಡದ ಬರಹದಲ್ಲಿ ಅದು ಗೋಡೆಯ ಎರಡೂ ಮುಖ ಮುಟ್ಟುವ ಉದ್ದ ಕಲ್ಲು, ಇಂಗ್ಲಿಷಿನಲ್ಲಿ ಥ್ರೂ ಸ್ಟೋನ್. ಇಂದಿನ ಗುತ್ತಿಗೆದಾರನ ಬಿಲ್ಲಿನಲ್ಲಿ ಸಿಮೆಂಟ್ ಬ್ಲಾಕ್. ತುದಿ ಮಾತ್ರ ಹೊರಗೆ ಕಾಣುವಂತೆ ಇಟ್ಟ 'ಬುತೀಸ್' ಹೆಡರ್, ಉದ್ದದ ಮಗ್ಗುಲು ಕಾಣುವಂತೆ ಇಟ್ಟ 'ಪಾನ್‌ರೆಸ್' ಸ್ಟ್ರೆಚರ್. ಇಟ್ಟಿಗೆ ಕೆಲಸ ಬಲ್ಲವರಿಗೆ ಇವು ಹೊಸದಲ್ಲ.

'ಓ ದ ಕಾರಿಯೇರ್', ಗಣಿಯ ನೀರು. ಹೊಸದಾಗಿ ಕಿತ್ತ ಕಲ್ಲಿನೊಳಗಿನ ತೇವ ಇದು. ತೇವ ಇರುವಾಗ ಕಲ್ಲು ಮೆದು, ಆರುತ್ತ ಗಟ್ಟಿಯಾಗುತ್ತದೆ. ಬೇಲೂರು, ಹಳೇಬೀಡಿನ ಬಳಪದ ಕಲ್ಲಿನ ಬಗ್ಗೆ ನಮ್ಮಲ್ಲೂ ಹೀಗೆ ಹೇಳುವುದನ್ನು ಕೇಳಿರುತ್ತೀರಿ. 'ಕ್ವಾರಿ ವಾಟರ್' ಎಂದರೆ ಗಣಿಯಲ್ಲಿ ನಿಂತ ನೀರು ಎಂದುಕೊಂಡಾರು. ಇಂಗ್ಲಿಷ್ ಕಲ್ಲುಕುಟಿಗರ ಮಾತು 'ಕ್ವಾರಿ ಸ್ಯಾಪ್', ಮರದ ರಸವಿದ್ದಂತೆ. 'ಪಿಯೆರ್ ಫ್ರ್ವಾದ್', ಪದಶಃ ತಣ್ಣನೆ ಕಲ್ಲು, ಉಷ್ಣತೆಯ ಮಾತಲ್ಲ: ಪಾಲಿಶ್ ಹಿಡಿಯುವಷ್ಟು ಗಟ್ಟಿ, ಒತ್ತಾದ ಸುಣ್ಣಕಲ್ಲು.

6. ಅನುವಾದಿಸುವುದೋ ಉಳಿಸುವುದೋ ತೀರ್ಮಾನಿಸಿ

ಊರಿನ ಹೆಸರು ಹೊತ್ತ ಕಲ್ಲಿಗೆ ಇಂಗ್ಲಿಷಿನಲ್ಲಿ ಮೊದಲೇ ಹೆಸರಿದೆಯೇ ನೋಡಿ. 'ಪಿಯೆರ್ ದ ಕಾಂ' ಇಂಗ್ಲಿಷ್ ಕಾಲುವೆ ದಾಟಿ ಹೋಗಿ ಲಂಡನ್ ಟವರಿಗೂ ಕ್ಯಾಂಟರ್ಬರಿ ಕೆಥೆಡ್ರಲ್ಲಿಗೂ ಬಳಕೆಯಾದ ಕಲ್ಲು, ಇಂಗ್ಲಿಷರಿಗೆ ಅದು ಶತಮಾನಗಳಿಂದ 'ಕಾನ್ ಸ್ಟೋನ್'. ನೀವು ಹೊಸ ಹೆಸರು ಕಟ್ಟುವ ಅಗತ್ಯವಿಲ್ಲ.

'ಮ್ಯುಲಿಯೇರ್' ಎರಡು ಬದುಕು ಕಂಡ ಕಲ್ಲು. ತೂತುತೂತಾಗಿದ್ದರೂ ಬಲು ಗಟ್ಟಿ, ಸಿಲಿಕಾದಿಂದ ಆದದ್ದು. ಪ್ಯಾರಿಸ್ಸಿನ ಪೂರ್ವದ ಲಾ ಫೆರ್ತೇ-ಸು-ಜುವಾರ್‌ನಿಂದ ಗಿರಣಿ ಕಲ್ಲಾಗಿ ಬ್ರಿಟನ್, ಅಮೆರಿಕಗಳಿಗೂ ಹೋಗುತ್ತಿತ್ತು. ಅಲ್ಲಿ ಅದರ ಹೆಸರು ಫ್ರೆಂಚ್ ಬರ್ ಅಥವಾ ಬರ್‌ಸ್ಟೋನ್. ಆಮೇಲೆ ಪ್ಯಾರಿಸ್ ಹೊರವಲಯದ ಸಾವಿರಾರು ಮನೆಗಳ ಗೋಡೆಯಾಯಿತು. ಗಿರಣಿಯ ಸಂದರ್ಭದಲ್ಲಿ ಬರ್‌ಸ್ಟೋನ್ ಸರಿ. ಮನೆಯ ಸಂದರ್ಭದಲ್ಲಿ ಆ ಪದ ಹಾಕಿದರೆ ಹಿಟ್ಟಿನ ಗಿರಣಿ ಮಾರಾಟಕ್ಕಿದೆ ಎಂದುಕೊಂಡಾರು, ಮ್ಯುಲಿಯೇರ್ ಎಂದೇ ಉಳಿಸಿ ಒಂದು ಸಾಲು ವಿವರಿಸಿ.

'ಲಿಯೇ' ಬಳಿ ನಿಂತು ನೋಡಿ. ಪ್ಯಾರಿಸ್ ಗಣಿಯವರ ಮಾತಿನಲ್ಲಿ ಅದು ನಯವಾದ, ಗಟ್ಟಿಯಾದ ಸುಣ್ಣಕಲ್ಲಿನ ಪದರ. ಭೂವಿಜ್ಞಾನದ ಲೆಕ್ಕದಲ್ಲಿ ಲುಟೀಷಿಯನ್ ಕಾಲದ್ದು, ಪ್ಯಾರಿಸ್ಸಿನ ರೋಮನ್ ಹೆಸರು ಲುಟೀಷಿಯಾದಿಂದಲೇ ಬಂದ ಹೆಸರು. ಇಂಗ್ಲಿಷಿನ 'ಲಯಾಸ್' ಹುಟ್ಟಿದ್ದು ಇದೇ ಫ್ರೆಂಚ್ ಪದದ ಹಳೆಯ ರೂಪದಿಂದ, ಆದರೆ ಅದು ಹೇಳುವುದು ಜುರಾಸಿಕ್ ಕಾಲದ ಕಲ್ಲನ್ನು. ನಡುವೆ ಹತ್ತು ಕೋಟಿಗೂ ಹೆಚ್ಚು ವರ್ಷ! ಲಿಯೇಗೆ ಲಯಾಸ್ ಎಂದು ಎಂದೂ ಬರೆಯಬೇಡಿ.

7. ಇಡೀ ವಾಕ್ಯವನ್ನು ಒಮ್ಮೆ ಕಟ್ಟಿನೋಡಿ

ಬೂರ್ಗೋನಿನ ಮನೆಯೊಂದರ ವಿವರಣೆ ಹೀಗಿದೆ ಎಂದಿಟ್ಟುಕೊಳ್ಳಿ: 'ಮ್ಯುರ್ ಆಂ ಮ್ವಾಲೋಂ ಕಾಲ್ಕೇರ್, ಆಂಗ್ಲ್ ಆಂ ಪಿಯೆರ್ ದ ತಾಯ್, ಪಿಯೇದ್ರ್ವಾ ಪೋಜ಼ೇ ಆಂ ದೆಲಿ, ಕುವೆರ್ತ್ಯುರ್ ಆಂ ಲಾವ್.'

ಮಾತು ಕಟ್ಟಡದ ಕಸುಬಿನದು, ಊರು ಬೂರ್ಗೋನಿನದು. ಕನ್ನಡದಲ್ಲಿ: ಸುಣ್ಣಕಲ್ಲಿನ ಒರಟುಗಲ್ಲಿನ ಗೋಡೆ, ಮೂಲೆಗಳಿಗೆ ಕೆತ್ತಿದ ಕಲ್ಲು, ಬಾಗಿಲಿನ ಎರಡೂ ಮಗ್ಗುಲ ಕಲ್ಲುಗಳನ್ನು ಪದರಿಗೆ ವಿರುದ್ಧವಾಗಿ ನಿಲ್ಲಿಸಿದ್ದು, ಸೂರಿಗೆ ಸುಣ್ಣಕಲ್ಲಿನ ಚಪ್ಪಡಿ. ಈಗ ಇಂಗ್ಲಿಷ್ ತಾನಾಗಿ ಬರುತ್ತದೆ: 'ಲೈಮ್‌ಸ್ಟೋನ್ ರಬಲ್ ವಾಲ್ಸ್ ವಿತ್ ಆ್ಯಶ್ಲರ್ ಕ್ವಾಯಿನ್ಸ್, ಡೋರ್ ಜಾಂಬ್ಸ್ ಸೆಟ್ ಅಗೇನ್ಸ್ಟ್ ದ ಬೆಡ್, ರೂಫ್ ಆಫ್ ಲೈಮ್‌ಸ್ಟೋನ್ ಸ್ಲ್ಯಾಬ್ಸ್.' ಮೂಲೆಗಲ್ಲಿಗೆ ಇಂಗ್ಲಿಷಿನಲ್ಲಿ 'ಕ್ವಾಯಿನ್' ಎಂಬ ಕಸುಬಿನ ಪದ ಇರುವಾಗ 'ಆ್ಯಂಗಲ್' ಎಂದು ಬರೆಯುವುದು ಬೇಡ. ಬಾಗಿಲ ಕಲ್ಲಿಗೆ ಇಲ್ಲಿ 'ಫೇಸ್ ಬೆಡೆಡ್' ಹಾಕಿಲ್ಲ, ಗಮನಿಸಿ: ಪದರು ನೆಟ್ಟಗಿದೆ ಎಂದಷ್ಟೇ ಮೂಲ ಹೇಳುತ್ತದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಹೇಳುವುದಿಲ್ಲ. ಮೂಲ ಹೇಳದ್ದನ್ನು ನಾವು ಹೇಳಬಾರದು.

8. ಕ್ಯಾಟಲಾಗ್ ಆದರೆ ಕೊನೆಗೆ ಮುಖದ ಕೆಲಸ ನೋಡಿ

ರಫ್ತಿನವರು ಕೇಳುವುದು ಇಷ್ಟೇ: 'ಪೋಲಿ' ಪಾಲಿಶ್ಡ್, 'ಆದುಸಿ' ಹೋನ್ಡ್ (ಹೊಳಪಿಲ್ಲದೆ ನುಣುಪಾಗಿ ಉಜ್ಜಿದ್ದು), 'ಫ್ಲಾಮೇ' ಫ್ಲೇಮ್ಡ್ (ಬೆಂಕಿ ತಾಗಿಸಿ ಒರಟು ಮಾಡಿದ್ದು), 'ಬುಶಾರ್ದೇ' ಬುಶ್ ಹ್ಯಾಮರ್ಡ್ (ಹಲ್ಲಿನ ಸುತ್ತಿಗೆಯಲ್ಲಿ ಬಡಿದದ್ದು). ಆದುಸಿಯನ್ನು 'ಸಾಫ್ಟನ್ಡ್' ಎಂದು ಬರೆದ ಕ್ಯಾಟಲಾಗು ನೋಡಿದ್ದೇನೆ, ಕಲ್ಲು ಮೆತ್ತಗಾಗಿದೆ ಎಂದು ಯಾರು ಕೊಳ್ಳುತ್ತಾರೆ? 'ಜೆಲೀವ್' ಎಂಬ ಪದ ಕಂಡರೆ ಮಾತ್ರ ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಓದಿ. ಹಿಮ ಬಿದ್ದರೆ ಬಿರಿಯುವ ಕಲ್ಲು ಎಂದು ಅರ್ಥ, ಇಂಗ್ಲಿಷಿನಲ್ಲಿ ಫ್ರಾಸ್ಟ್ ಸಸೆಪ್ಟಿಬಲ್. ಅದಕ್ಕೂ ಮೊದಲು 'ನೋಂ' ಸೇರಿದರೆ ಅರ್ಥ ಪೂರ್ತಿ ತಿರುಗುತ್ತದೆ. ಆ ಒಂದು ಪದ ಬಿಟ್ಟುಹೋದರೆ ಕಂಟೇನರುಗಟ್ಟಲೆ ಕಲ್ಲು ಬಂದರಿನಿಂದ ವಾಪಸು ಬಂದೀತು. ಹಾಗಾಗಿ ಕಳಿಸುವ ಮುಂಚೆ ಮೂಲವನ್ನೂ ಅನುವಾದವನ್ನೂ ಪಕ್ಕಪಕ್ಕ ಇಟ್ಟುಕೊಂಡು ಇದೊಂದು ಪದವನ್ನು ಬೆರಳಿಟ್ಟು ಹುಡುಕಿ.